ಸ್ವತಂತ್ರ ಸಾಕ್ಷ್ಯಚಿತ್ರಕಾರರ ಸಿಂಹಾವಲೋಕನ: ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬ ಸಾಕ್ಷ್ಯಚಿತ್ರಕಾರರ ಹಲವು ದಶಕಗಳ ಕೆಲಸವನ್ನು ಒಟ್ಟಿಗೆ ತೋರಿಸಲು ಹೊರಟ ಚಿತ್ರಸಮಾಜಗಳಿಗೆ, ಉತ್ಸವ ನಡೆಸುವವರಿಗೆ, ವಿದ್ಯಾರ್ಥಿ ಬಳಗಗಳಿಗೆ ಈ ಉತ್ತರಗಳು. ದೊಡ್ಡ ಸ್ಟುಡಿಯೋದ ಸಿನಿಮಾಕ್ಕೆ ಎಲ್ಲೋ ಒಂದು ಗೋದಾಮು, ಅದಕ್ಕೊಂದು ದಾಖಲೆ ಪುಸ್ತಕ ಇರುತ್ತದೆ. ಸ್ವತಂತ್ರವಾಗಿ ಚಿತ್ರ ಮಾಡಿದವರದು ಹಾಗಲ್ಲ. ನೆಗೆಟಿವ್ ಒಂದು ಕಡೆ, ಪ್ರಿಂಟ್ ಇನ್ನೊಂದು ಕಡೆ, ಒಪ್ಪಂದದ ಕಾಗದ ಮೂರನೆಯವರ ಕಪಾಟಿನಲ್ಲಿ. ಹಾಗಾಗಿ ಇಲ್ಲಿ ಅಭಿರುಚಿಯ ಮಾತಿಗಿಂತ ಪ್ರತಿಗಳ ಮಾತೇ ಹೆಚ್ಚು.

ಸಿಂಹಾವಲೋಕನ ಎಂದ ಮೇಲೆ ಎಲ್ಲ ಚಿತ್ರಗಳನ್ನೂ ತೋರಿಸಲೇಬೇಕೆ?

ಬೇಕಿಲ್ಲ. ಆದರೆ ಏನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂಬುದು ನಿಮಗೆ ಗೊತ್ತಿರಬೇಕು. ಪ್ರಶಸ್ತಿ ಬಂದ ನಾಲ್ಕು ಚಿತ್ರಗಳನ್ನು ಸಾಲಾಗಿ ಹಾಕಿದರೆ ಅದು ‘ಆಯ್ದ ಚಿತ್ರಗಳು’ ಆಗುತ್ತದೆ, ಅಷ್ಟೆ. ಮೂರು ಬಗೆಯ ಕೆಲಸ ಸಾಮಾನ್ಯವಾಗಿ ಕಣ್ತಪ್ಪುತ್ತದೆ: ಕಲಿಕೆಯ ದಿನಗಳ ಕಿರುಚಿತ್ರ, ಹೊಟ್ಟೆಪಾಡಿಗೆ ಸಂಸ್ಥೆಗಳಿಗೆ ಮಾಡಿಕೊಟ್ಟ ಚಿತ್ರ, ಅರ್ಧಕ್ಕೆ ನಿಂತ ಚಿತ್ರ. ಇವುಗಳಲ್ಲಿ ಎರಡನೆಯದನ್ನು ಕೈಬಿಡಬೇಡಿ. ಲಸಿಕೆಯ ಮೇಲೋ ಕುಡಿಯುವ ನೀರಿನ ಮೇಲೋ ಮಾಡಿಕೊಟ್ಟ ಹದಿನೈದು ನಿಮಿಷದ ಚಿತ್ರದಲ್ಲೇ ಆ ನಿರ್ದೇಶಕರು ಸಂದರ್ಶನವನ್ನು ಹೇಗೆ ಕೂರಿಸುತ್ತಾರೆ, ಎಲ್ಲಿ ಕತ್ತರಿಸುತ್ತಾರೆ ಎಂಬುದು ಮೊದಲು ಕಾಣಿಸಿಕೊಂಡಿರುತ್ತದೆ. ನಿರ್ದೇಶಕರಿಗೇ ಅದರ ಬಗ್ಗೆ ಮುಜುಗರವಿದ್ದರೆ ಇಡೀ ಚಿತ್ರದ ಬದಲು ಐದು ನಿಮಿಷದ ತುಣುಕನ್ನು ಸಂವಾದದ ನಡುವೆ ತೋರಿಸಿ.

ಎಷ್ಟು ಮುಂಚೆ ಕೆಲಸ ಶುರು ಮಾಡಬೇಕು?

ಎಂಟರಿಂದ ಹತ್ತು ಚಿತ್ರಗಳಿದ್ದು, ಕೆಲವಾದರೂ ಫಿಲ್ಮಿನಲ್ಲೋ ಹಳೆಯ ಟೇಪಿನಲ್ಲೋ ಇದ್ದರೆ ಒಂದು ವರ್ಷ ಬೇಕು. ಎಲ್ಲವೂ ಡಿಜಿಟಲ್ ಆಗಿಯೇ ಇದ್ದರೆ ನಾಲ್ಕು ತಿಂಗಳು ಸಾಕು. ಮೊದಲ ಮೂರು ತಿಂಗಳು ಪ್ರತಿಗಳನ್ನು ಹುಡುಕಲು, ಮುಂದಿನ ಮೂರು ಹಕ್ಕು ಇತ್ಯರ್ಥಕ್ಕೆ, ಆಮೇಲಿನ ನಾಲ್ಕು ಡಿಜಿಟೈಸ್ ಮಾಡಲು ಮತ್ತು ಸಬ್‌ಟೈಟಲ್‌ಗೆ, ಕೊನೆಯ ಎರಡು ತಿಂಗಳು ಪರೀಕ್ಷೆಗೆ ಮತ್ತು ಪ್ರಚಾರಕ್ಕೆ ಹೋಗುತ್ತವೆ. ಪ್ರತಿ ನಿಮ್ಮ ಕೈಗೆ ಬಂದು, ಮೊದಲಿನಿಂದ ಕೊನೆಯವರೆಗೆ ನೋಡಿ ಆಗುವವರೆಗೆ ಆ ಚಿತ್ರದ ಹೆಸರನ್ನು ಪ್ರಕಟಿಸಬೇಡಿ. ‘ಪ್ರಿಂಟ್ ನನ್ನ ಹತ್ತಿರ ಇದೆ’ ಎಂಬ ಮಾತನ್ನು ಯಾರೂ ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ. ಡಬ್ಬಿ ಇರುತ್ತದೆ, ಒಳಗೆ ಎರಡನೇ ರೀಲು ಇರುವುದಿಲ್ಲ.

ಚಿತ್ರಗಳ ಪಟ್ಟಿ ಮಾಡುವುದು ಹೇಗೆ? ನಿರ್ದೇಶಕರೇ ಕೊಟ್ಟ ಪಟ್ಟಿ ಸಾಲದೆ?

ಅದು ಆರಂಭ ಮಾತ್ರ. ತಮ್ಮದೇ ಚಿತ್ರದ ವರ್ಷವನ್ನು ತಪ್ಪಾಗಿ ಹೇಳುವ ನಿರ್ದೇಶಕರು ಕಡಿಮೆಯೇನಿಲ್ಲ. ಚಿತ್ರೀಕರಣದ ವರ್ಷ, ಮುಗಿದ ವರ್ಷ, ಮೊದಲು ತೋರಿಸಿದ ವರ್ಷ ಮೂರೂ ಬೇರೆ ಇರಬಹುದು. ಮೂರನ್ನೂ ಬರೆದಿಟ್ಟುಕೊಂಡು, ಮೊದಲ ಸಾರ್ವಜನಿಕ ಪ್ರದರ್ಶನದ ವರ್ಷವನ್ನೇ ಎಲ್ಲ ಕಡೆ ಬಳಸಿ.

ಪ್ರತಿ ಚಿತ್ರಕ್ಕೂ ಒಂದು ಹಾಳೆ: ಶೀರ್ಷಿಕೆ, ಅದರ ಬೇರೆ ಹೆಸರುಗಳು, ಭಾಷೆಗಳು, ಚಿತ್ರೀಕರಿಸಿದ ಮಾಧ್ಯಮ, ಈಗಿರುವ ಪ್ರತಿಗಳು ಮತ್ತು ಅವು ಇರುವ ಜಾಗ, ಚೌಕಟ್ಟಿನ ಅನುಪಾತ, ಧ್ವನಿ ಮೋನೋ ಅಥವಾ ಸ್ಟೀರಿಯೋ, ಹಕ್ಕುದಾರರು, ಸಬ್‌ಟೈಟಲ್ ಇರುವ ಭಾಷೆಗಳು. ಅವಧಿಯನ್ನು ಹೊದಿಕೆ ನೋಡಿ ಬರೆಯಬೇಡಿ, ಪ್ರತಿಯಿಂದಲೇ ಅಳೆದು ಬರೆಯಿರಿ. ಸಾಕ್ಷ್ಯಚಿತ್ರಗಳಿಗೆ ಟಿವಿಗೆಂದು 52 ನಿಮಿಷಕ್ಕೆ ಕುಗ್ಗಿಸಿದ ಆವೃತ್ತಿ ಇರುವುದು ಮಾಮೂಲು. ಆರ್ಕೈವ್‌ನಿಂದ ಬಂದದ್ದು 52 ನಿಮಿಷವಿದ್ದು, ನಿರ್ದೇಶಕರು 80 ನಿಮಿಷದ ಚಿತ್ರದ ಬಗ್ಗೆ ಮಾತಾಡುತ್ತಿದ್ದರೆ ಇಬ್ಬರೂ ಬೇರೆ ಬೇರೆ ಚಿತ್ರದ ಬಗ್ಗೆ ಮಾತಾಡುತ್ತಿದ್ದಾರೆ.

100 ನಿಮಿಷ ಮತ್ತು 96 ನಿಮಿಷ ಎಂಬ ಎರಡು ಅವಧಿ ಕಂಡರೆ ಮಾತ್ರ ಗಾಬರಿ ಬೇಡ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 25 ಫ್ರೇಮಿನ, ಪಾಲ್ ಎಂಬ ಟಿವಿ ಮಾದರಿಯ ವಿಡಿಯೋಗೆ ಹಾಕಿದಾಗ ಶೇ 4ರಷ್ಟು ಬೇಗ ಓಡುತ್ತದೆ. ದೃಶ್ಯ ಯಾವುದೂ ಕತ್ತರಿಸಿ ಹೋಗಿರುವುದಿಲ್ಲ.

ನಿರ್ದೇಶಕರು ಒಪ್ಪಿದರೆ ಸಾಕಲ್ಲವೆ? ಮತ್ತೆ ಯಾರ ಅನುಮತಿ ಬೇಕು?

ಹಣ ಹಾಕಿದವರು ಯಾರು ಎಂಬುದನ್ನು ಮೊದಲು ಕೇಳಿ. ಟಿವಿ ವಾಹಿನಿಯೋ ಸಂಸ್ಥೆಯೋ ದುಡ್ಡು ಕೊಟ್ಟು ಮಾಡಿಸಿದ್ದರೆ ಹಕ್ಕು ಅವರದೇ ಆಗಿರುವ ಸಾಧ್ಯತೆ ಹೆಚ್ಚು. ನಿರ್ದೇಶಕರ ಹೆಸರು ಪರದೆಯ ಮೇಲೆ ಎಷ್ಟೇ ದೊಡ್ಡದಾಗಿದ್ದರೂ ಅಷ್ಟೆ. ವಿತರಕರಿಗೆ ಕೊಟ್ಟ ಹಕ್ಕಿನ ಅವಧಿ ಮುಗಿದಿದೆಯೇ, ಮುಗಿದಿದ್ದರೆ ಲಿಖಿತವಾಗಿ ವಾಪಸ್ ಬಂದಿದೆಯೇ ನೋಡಿ. ಮನೆಯಲ್ಲಿ ನೋಡಲು ಕೊಂಡ ಡಿವಿಡಿ ಸಾರ್ವಜನಿಕ ಪ್ರದರ್ಶನಕ್ಕೆ ಪರವಾನಗಿಯಲ್ಲ. ಸಭಾಂಗಣದಲ್ಲಿ ತೋರಿಸಲು ಪ್ರಮಾಣಪತ್ರವೋ ವಿನಾಯಿತಿಯೋ ಬೇಕಾಗುವ ಕಡೆ ಅದರ ಅರ್ಜಿಯನ್ನು ಎಲ್ಲ ಚಿತ್ರಗಳಿಗೂ ಒಟ್ಟಿಗೇ ಹಾಕಿ.

ಅನುಮತಿ ಪತ್ರ ಒಂದು ಪುಟದ್ದಾದರೂ ನಡೆಯುತ್ತದೆ, ಆದರೆ ಇಷ್ಟು ಇರಲೇಬೇಕು: ಯಾವ ಆವೃತ್ತಿ, ಎಷ್ಟು ಪ್ರದರ್ಶನ, ಯಾವ ದಿನಗಳು, ಯಾವ ಸ್ಥಳ, ಟಿಕೆಟ್ ಇದೆಯೇ, ಪ್ರದರ್ಶನ ಶುಲ್ಕ ಎಷ್ಟು, ಪ್ರತಿಯ ಸಾಗಣೆ ಯಾರ ಖರ್ಚು, ಹಾನಿಯಾದರೆ ಯಾರ ಹೊಣೆ. ಶುಲ್ಕವಿಲ್ಲದೆ ಕೊಡಿ ಎಂದು ಕೇಳುವುದು ರೂಢಿಯಾಗಿಬಿಟ್ಟಿದೆ. ಸಭಾಂಗಣದವರಿಗೆ, ಮುದ್ರಣದವರಿಗೆ, ಊಟದವರಿಗೆ ಹಣ ಕೊಡುವವರು ಚಿತ್ರ ಮಾಡಿದವರ ಬಳಿ ಮಾತ್ರ ಕೈಮುಗಿಯುವುದು ಸರಿಯಲ್ಲ.

ಚಿತ್ರದೊಳಗೆ ಸಿನಿಮಾ ಹಾಡು, ಹಳೆಯ ಸುದ್ದಿಚಿತ್ರದ ತುಣುಕು ಇವೆ. ಅವಕ್ಕೆ ಮತ್ತೆ ಅನುಮತಿ ಬೇಕೆ?

ಎಷ್ಟೋ ಸಲ ಬೇಕು. ಸ್ವತಂತ್ರ ಸಾಕ್ಷ್ಯಚಿತ್ರಕಾರರು ತುಣುಕುಗಳನ್ನು ಇಡೀ ಕಾಲಕ್ಕೆ ಕೊಂಡಿರುವುದಿಲ್ಲ. ಅಗ್ಗವೆಂದು ಉತ್ಸವದ ಹಕ್ಕನ್ನಷ್ಟೇ, ಅದೂ ಐದು ಅಥವಾ ಹತ್ತು ವರ್ಷಕ್ಕೆ ಕೊಂಡಿರುತ್ತಾರೆ. ಹಳೆಯ ಒಪ್ಪಂದದಲ್ಲಿ ಅವಧಿ, ಪ್ರದೇಶ, ಮಾಧ್ಯಮ ಎಂಬ ಮೂರು ಸಾಲುಗಳನ್ನು ಓದಿ. ಸಂಗೀತದಲ್ಲಿ ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಚಿತ್ರೀಕರಣದ ವೇಳೆ ಹಿನ್ನೆಲೆಯಲ್ಲಿ ರೇಡಿಯೋ ಹಾಡುತ್ತಿದ್ದರೆ ಏನು ಎಂಬುದಕ್ಕೆ ದೇಶಕ್ಕೊಂದು ಉತ್ತರವಿದೆ. ಅಲ್ಲಿ ವಕೀಲರನ್ನೇ ಕೇಳಿ. ಸಮಸ್ಯೆ ಬಗೆಹರಿಯದಿದ್ದರೆ ಹಾಡನ್ನು ಮೌನಗೊಳಿಸಿ ತೋರಿಸುವ ಯೋಚನೆ ಮಾಡಬೇಡಿ. ಆ ಚಿತ್ರವನ್ನು ಕೈಬಿಟ್ಟು, ಟಿಪ್ಪಣಿಯಲ್ಲಿ ಕಾರಣ ಬರೆಯಿರಿ.

16 ಮಿ.ಮೀ. ಪ್ರಿಂಟ್ ಸಿಕ್ಕಿದೆ. ಪ್ರೊಜೆಕ್ಟರಿಗೆ ಹಾಕಿ ನೋಡಿಬಿಡೋಣವೆ?

ಬೇಡ. ಹಳೆಯ ಪ್ರಿಂಟಿಗೆ ಅತಿ ಹೆಚ್ಚು ಪೆಟ್ಟು ಬೀಳುವುದೇ ಈ ‘ಸುಮ್ಮನೆ ಒಂದು ಸಲ’ ನೋಡುವಾಗ. ಮೊದಲು ಮೇಜಿನ ಮೇಲೆ, ರಿವೈಂಡರಿನಲ್ಲಿ, ಕೈಯಿಂದ ತಿರುಗಿಸಿ ಪರೀಕ್ಷಿಸಿ.

ಡಬ್ಬಿ ತೆರೆದೊಡನೆ ಮೂಸಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೊಳೆಯಲು ಶುರುವಾಗಿದೆ. ಅಂಥ ಡಬ್ಬಿಯನ್ನು ಉಳಿದವುಗಳಿಂದ ಬೇರೆ ಇಡಿ, ಏಕೆಂದರೆ ಅದು ಬಿಡುವ ಆವಿ ಪಕ್ಕದ ರೀಲುಗಳನ್ನೂ ಕೆಡಿಸುತ್ತದೆ. ಆಮ್ಲ ಎಷ್ಟಿದೆ ಎಂದು ತಿಳಿಯಲು ಎ-ಡಿ ಸ್ಟ್ರಿಪ್ ಎಂಬ ಕಾಗದದ ಪಟ್ಟಿ ಸಿಗುತ್ತದೆ. ಡಬ್ಬಿಯೊಳಗೆ ಹಾಕಿ ಮುಚ್ಚಿ ಒಂದು ದಿನ ಬಿಟ್ಟರೆ ಚೆನ್ನಾಗಿರುವ ಫಿಲ್ಮಿಗೆ ನೀಲಿಯಾಗಿಯೇ ಉಳಿಯುತ್ತದೆ, ಕೆಟ್ಟಷ್ಟೂ ಹಸಿರಿಗೆ, ಆಮೇಲೆ ಹಳದಿಗೆ ತಿರುಗುತ್ತದೆ.

ನಂತರ ಕುಗ್ಗಿರುವುದನ್ನು ಅಳೆಯಬೇಕು. ಕುಗ್ಗದ 16 ಮಿ.ಮೀ. ಪ್ರಿಂಟಿನಲ್ಲಿ 100 ಫ್ರೇಮುಗಳ ಉದ್ದ 762 ಮಿ.ಮೀ. ಅದು 756ರ ಹತ್ತಿರ ಬಂದಿದ್ದರೆ ಶೇ 0.8 ಕುಗ್ಗಿದೆ ಎಂದರ್ಥ. ಅಲ್ಲಿಂದಾಚೆಗೆ ಪ್ರೊಜೆಕ್ಟರಿನ ಹಲ್ಲುಗಳು ರಂಧ್ರಗಳಿಗೆ ಸರಿಯಾಗಿ ಕೂರದೆ ಅವನ್ನು ಹರಿದುಹಾಕುತ್ತವೆ. ರೀಲಿನ ಮೊದಲು, ನಡುವೆ, ಕೊನೆಯಲ್ಲಿ ಮೂರು ಕಡೆ ಅಳೆಯಿರಿ.

ಇನ್ನು ಜೋಡಣೆಗಳು. ಪ್ರತಿ ಜೋಡಣೆಯನ್ನೂ ಎರಡು ಬೆರಳಿನ ನಡುವೆ ಮೆಲ್ಲಗೆ ಬಾಗಿಸಿ ನೋಡಿ. ಒಣಗಿದ ಸಿಮೆಂಟ್ ಜೋಡಣೆ ಚಟ್ಟನೆ ಬಿಡುತ್ತದೆ; ಹಳೆಯ ಟೇಪಿನ ಜೋಡಣೆಯ ಅಂಟು ಪಕ್ಕದ ಸುತ್ತಿಗೆ ಹತ್ತಿರುತ್ತದೆ. ಹರಿದ ರಂಧ್ರಗಳನ್ನು ರಿಪೇರಿ ಮಾಡಿ, ಎಲ್ಲವನ್ನೂ ರೀಲಿನ ಯಾವ ಅಡಿಯಲ್ಲಿ ಎಂಬ ಲೆಕ್ಕದೊಂದಿಗೆ ಬರೆಯಿರಿ. ಪ್ರಿಂಟ್ ವಾಪಸ್ ಕೊಡುವಾಗ ‘ಈ ಗೀರು ನೀವೇ ಮಾಡಿದ್ದು’ ಎಂಬ ಜಗಳಕ್ಕೆ ಈ ಕಾಗದವೇ ಉತ್ತರ.

ಕೈಗೆ ಸಿಕ್ಕಿದ್ದು ರಿವರ್ಸಲ್ ಮೂಲವಾಗಿದ್ದರೆ, ಅಂದರೆ ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಆಗಿದ್ದರೆ, ಅದನ್ನು ಯಾವ ಕಾರಣಕ್ಕೂ ಪ್ರದರ್ಶಿಸಬೇಡಿ. ಅದು ಜಗತ್ತಿನಲ್ಲಿರುವ ಒಂದೇ ಮೂಲ. ನೇರ ಸ್ಕ್ಯಾನಿಗೆ ಕಳಿಸಿ.

ಪ್ರಿಂಟ್ ಪೂರ್ತಿ ಕೆಂಪಾಗಿದೆ. ತೋರಿಸಬಹುದೆ?

1980ರ ದಶಕದ ಆರಂಭಕ್ಕೆ ಹಿಂದಿನ ಬಹುತೇಕ ಬಣ್ಣದ ಪ್ರಿಂಟುಗಳ ಕಥೆ ಇದೇ. ಮೂರು ಬಣ್ಣದ ಪದರಗಳಲ್ಲಿ ಸಯಾನ್ ಬಣ್ಣ ಬೇಗ ಮಾಸುತ್ತದೆ, ಮೆಜೆಂಟಾ ಉಳಿಯುತ್ತದೆ, ಎಲ್ಲವೂ ಗುಲಾಬಿ. ಪ್ರೊಜೆಕ್ಟರಿನ ಮುಂದೆ ಬಣ್ಣದ ಗಾಜು ಹಿಡಿದರೆ ಹೋದ ಬಣ್ಣ ಬರುವುದಿಲ್ಲ, ಇರುವ ಬೆಳಕೂ ಹೋಗುತ್ತದೆ. ನೆಗೆಟಿವ್ ಉಳಿದಿದ್ದರೆ ಅದರಿಂದ ಸ್ಕ್ಯಾನ್ ಮಾಡಿಸಿ. ಮಾಸಿದ ಪ್ರಿಂಟನ್ನು ಬಣ್ಣ ಹೊಂದಿಸುವವರಿಗೆ ಬೆಳಕು-ನೆರಳಿನ ಹದಕ್ಕೆ ಮಾದರಿಯಾಗಿ ಇಟ್ಟುಕೊಳ್ಳಿ. ಬೇರೆ ಪ್ರತಿಯೇ ಇಲ್ಲದಿದ್ದರೆ ತೋರಿಸಿ, ಮೊದಲೇ ಎರಡು ವಾಕ್ಯದಲ್ಲಿ ಹೇಳಿ. ಕಪ್ಪು-ಬಿಳುಪು ಪ್ರಿಂಟಿಗೆ ಈ ರೋಗವಿಲ್ಲ; ಅದರ ಚಿತ್ರ ಬಣ್ಣದ್ದಲ್ಲ, ಬೆಳ್ಳಿಯದು, ಬೆಳ್ಳಿ ಗಟ್ಟಿ.

ಸಭಾಂಗಣದಲ್ಲಿ 16 ಮಿ.ಮೀ. ಪ್ರೊಜೆಕ್ಷನ್‌ಗೆ ಏನೇನು ಬೇಕು?

ಲೆಕ್ಕದಿಂದ ಶುರು ಮಾಡಿ. ಸೆಕೆಂಡಿಗೆ 24 ಫ್ರೇಮಿನಲ್ಲಿ ಫಿಲ್ಮು ನಿಮಿಷಕ್ಕೆ 36 ಅಡಿ ಓಡುತ್ತದೆ. 400 ಅಡಿಯ ರೀಲು 11 ನಿಮಿಷ, 1600 ಅಡಿಯದು 44 ನಿಮಿಷ. ಒಂದು ಗಂಟೆಯ ಚಿತ್ರವೆಂದರೆ 2160 ಅಡಿ, ಅಂದರೆ ಎರಡು ರೀಲು. ಎರಡು ಪ್ರೊಜೆಕ್ಟರ್ ಇಲ್ಲದಿದ್ದರೆ ನಡುವೆ ನಿಲ್ಲಿಸಲೇಬೇಕು. ಎರಡು ರೀಲನ್ನು ಅಂಟಿಸಿ ಒಂದೇ ದೊಡ್ಡ ರೀಲು ಮಾಡುವುದಕ್ಕೆ ಬಹಳಷ್ಟು ಆರ್ಕೈವ್‌ಗಳು ಒಪ್ಪುವುದಿಲ್ಲ, ಕೇಳದೆ ಮಾಡಬೇಡಿ.

ಚಿತ್ರದ ಅಗಲ ಎಷ್ಟು ಬರುತ್ತದೆ? ಪ್ರೊಜೆಕ್ಟರಿನಿಂದ ಪರದೆಗಿರುವ ದೂರವನ್ನು 9.65ರಿಂದ ಗುಣಿಸಿ, ಲೆನ್ಸಿನ ನಾಭಿದೂರದ ಮಿ.ಮೀ.ಗಳಿಂದ ಭಾಗಿಸಿ. 15 ಮೀಟರ್ ದೂರ, 50 ಮಿ.ಮೀ. ಲೆನ್ಸ್ ಎಂದರೆ ಸುಮಾರು 2.9 ಮೀಟರ್ ಅಗಲ. ಒಯ್ಯಬಹುದಾದ ಪ್ರೊಜೆಕ್ಟರಿನ 250 ವಾಟ್ ಹ್ಯಾಲೋಜನ್ ದೀಪಕ್ಕೆ ಅಷ್ಟು ಅಗಲವೇ ಹೆಚ್ಚುಕಡಿಮೆ ಮಿತಿ; ಅದಕ್ಕೂ ದೊಡ್ಡ ಪರದೆಗೆ ಕ್ಸೆನಾನ್ ದೀಪದ ಯಂತ್ರ ಬೇಕು.

ಮಾತಿಗೂ ತುಟಿಗೂ ಹೊಂದಿಕೆಯಾಗದಿದ್ದರೆ ಪ್ರಿಂಟನ್ನು ಬೈಯುವ ಮೊದಲು ಗೇಟಿನ (ಬೆಳಕು ಫಿಲ್ಮನ್ನು ಹಾಯುವ ಕಿಂಡಿ) ಕೆಳಗಿನ ಲೂಪನ್ನು, ಅಂದರೆ ಫಿಲ್ಮಿನ ಸಡಿಲ ಬಾಗನ್ನು, ನೋಡಿ. 16 ಮಿ.ಮೀ.ನಲ್ಲಿ ಆಪ್ಟಿಕಲ್ ಧ್ವನಿ (ಫಿಲ್ಮಿನ ಅಂಚಿನ ಧ್ವನಿಪಟ್ಟಿ) ಅದರ ಚಿತ್ರಕ್ಕಿಂತ 26 ಫ್ರೇಮು ಮುಂದೆ ಅಚ್ಚಾಗಿರುತ್ತದೆ. ಗೇಟಿಗೂ ಧ್ವನಿಯ ಡ್ರಮ್ಮಿಗೂ ನಡುವಿನ ಲೂಪ್ ದೊಡ್ಡದೋ ಚಿಕ್ಕದೋ ಆದರೆ ಆ ಲೆಕ್ಕ ತಪ್ಪುತ್ತದೆ. ಗೇಟಿನಲ್ಲಿ ಕೂದಲು ಕುಣಿಯುತ್ತಿದ್ದರೆ ಪ್ರತಿ ರೀಲಿನ ನಂತರ ಮೆದು ಬ್ರಷ್ಷಿನಿಂದ ಗುಡಿಸಿ. ಲೋಹದ ವಸ್ತು ಬೇಡ. ಬಿಡಿ ದೀಪ ಮತ್ತು ಧ್ವನಿಪಟ್ಟಿಯನ್ನು ಓದುವ ಬಿಡಿ ಎಕ್ಸೈಟರ್ ದೀಪ ಎರಡೂ ಪಕ್ಕದಲ್ಲಿರಲಿ. ಮೊದಲನೆಯದನ್ನು ಎಲ್ಲರೂ ತರುತ್ತಾರೆ, ಎರಡನೆಯದು ಸುಟ್ಟಾಗ ಮೂಕಿ ಚಿತ್ರವಾಗುತ್ತದೆ.

ಟೇಪುಗಳ ರಾಶಿ ಇದೆ: ಯು-ಮ್ಯಾಟಿಕ್, ಬೀಟಾಕ್ಯಾಮ್, ಹೈ-8, ಮಿನಿ ಡಿವಿ. ಯಾವುದರಿಂದ ಶುರು?

ಓಡಿಸುವ ಯಂತ್ರ ಯಾವುದಕ್ಕೆ ಸಿಗುವುದು ಕಷ್ಟವೋ ಅದರಿಂದ. ಯು-ಮ್ಯಾಟಿಕ್ 1970ರ ದಶಕದ ಆರಂಭದ್ದು. ಟೇಪಿಗಿಂತ ಮೊದಲು ಯಂತ್ರಗಳೇ ಸಾಯುತ್ತಿವೆ. ಆಮೇಲೆ ಹೈ-8, ಅದರ ತೆಳು ಟೇಪು ಬೇಗ ಕೆಡುತ್ತದೆ. ಮಿನಿ ಡಿವಿ ಮತ್ತು ಬೀಟಾಕ್ಯಾಮ್ ಎಸ್‌ಪಿ ಸ್ವಲ್ಪ ಕಾಯಬಲ್ಲವು, ಹೆಚ್ಚು ಕಾಲವೇನಲ್ಲ. ಒಂದೇ ಚಿತ್ರಕ್ಕೆ ಹಲವು ಟೇಪಿದ್ದರೆ ‘ಮಾಸ್ಟರ್’ ಎಂದು ಬರೆದ ಚೀಟಿಯನ್ನು ನಂಬಬೇಡಿ. ಪ್ರತಿಯ ಪ್ರತಿಗೂ ಹಾಗೆ ಬರೆದಿರುತ್ತಾರೆ. ಸಬ್‌ಟೈಟಲ್ ಚಿತ್ರದ ಮೇಲೇ ಅಚ್ಚಾಗಿರದ, ಆರಂಭದಲ್ಲಿ ಪರೀಕ್ಷೆಯ ಬಣ್ಣಪಟ್ಟಿ ಮತ್ತು ಟೋನ್ ಇರುವ, ಫ್ರೇಮುಗಳ ಎಣಿಕೆಯಾದ ಟೈಮ್‌ಕೋಡ್ ಮುರಿಯದ ಟೇಪೇ ಮೂಲಕ್ಕೆ ಹತ್ತಿರದ್ದು.

ಮಿನಿ ಡಿವಿ ಆಗಲೇ ಡಿಜಿಟಲ್. ಅದನ್ನು ಫೈರ್‌ವೈರ್ ತಂತಿಯಿಂದ ಇದ್ದ ಹಾಗೇ ಇಳಿಸಿಕೊಳ್ಳಬೇಕು. ಗಂಟೆಗೆ ಸುಮಾರು 13 ಜಿಬಿ. ಅನಲಾಗ್ ಕಿಂಡಿಯಿಂದ ಮತ್ತೆ ಹಿಡಿದರೆ ಗುಣಮಟ್ಟ ವ್ಯರ್ಥವಾಗಿ ಹೋಗುತ್ತದೆ. ಅನಲಾಗ್ ಟೇಪುಗಳಿಗೆ ಟೈಮ್ ಬೇಸ್ ಕರೆಕ್ಟರ್ (ಟೇಪಿನ ಸಂಕೇತದ ಕಾಲವನ್ನು ಸರಿಪಡಿಸುವ ಯಂತ್ರ) ಇಲ್ಲದೆ ಕೆಲಸ ಮಾಡಬೇಡಿ. ಇಲ್ಲದಿದ್ದರೆ ಚಿತ್ರದ ಅಂಚು ಬಾಗುತ್ತದೆ, ಫ್ರೇಮು ಬಿಟ್ಟುಹೋಗುತ್ತದೆ, ಧ್ವನಿ ನಿಧಾನಕ್ಕೆ ಜಾರುತ್ತದೆ. ಹತ್ತು ಬಿಟ್‌ನ ಸಂಕುಚಿಸದ ಪಾಲ್ ವಿಡಿಯೋ ಗಂಟೆಗೆ 90 ಜಿಬಿ ದಾಟುತ್ತದೆ. ಎಫ್‌ಎಫ್‌ವಿ1 ಎಂಬ ನಷ್ಟರಹಿತ ಕೋಡೆಕ್ ಬಳಸಿದರೆ ಅದು ಅರ್ಧದ ಆಸುಪಾಸಿಗೆ ಇಳಿಯುತ್ತದೆ.

ಟೇಪು ಕಿರುಗುಟ್ಟಿದರೆ ಅಥವಾ ಹೆಡ್ಡಿನ ಮೇಲೆ ಕಂದು ಜಿಗುಟು ಉಳಿದರೆ ತಕ್ಷಣ ನಿಲ್ಲಿಸಿ. ತೇವ ಹೀರಿ ಅಂಟು ಕರಗಿದೆ. ಹದವಾದ ಶಾಖದಲ್ಲಿ ಒಣಗಿಸಿ ಒಂದೆರಡು ಸಲ ಓಡಿಸುವ ವಿಧಾನವಿದೆ. ಅಡುಗೆಮನೆಯ ಒಲೆಯಲ್ಲಿ ಮಾಡುವ ಪ್ರಯೋಗ ಅದಲ್ಲ, ಗೊತ್ತಿದ್ದವರ ಕೈಗೆ ಕೊಡಿ. ಬಿಳಿ ಬೂಷ್ಟು ಕಂಡ ಟೇಪನ್ನು ಯಂತ್ರಕ್ಕೆ ತೂರಿಸಿದರೆ ಆ ಯಂತ್ರಕ್ಕೆ ಹಾಕುವ ಮುಂದಿನ ಟೇಪಿಗೂ ಹತ್ತುತ್ತದೆ.

ಹಳೆಯ ವಿಡಿಯೋ ದೊಡ್ಡ ಪರದೆಯಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗೆರೆಯಾಗಿ ಕಾಣುತ್ತದೆ, ಜನ ದಪ್ಪಗಾಗಿದ್ದಾರೆ. ಏಕೆ?

ಎರಡು ಬೇರೆ ಕಾಯಿಲೆ. ಗೆರೆಗಳು ಬರುವುದು ಇಂಟರ್‌ಲೇಸ್‌ನಿಂದ: ಪಾಲ್ ವಿಡಿಯೋ ಸೆಕೆಂಡಿಗೆ 50 ಅರೆಫ್ರೇಮುಗಳನ್ನು ದಾಖಲಿಸುತ್ತದೆ, ಅವನ್ನು ಎರಡೆರಡಾಗಿ ಒತ್ತಿ ಹಿಡಿದರೆ ಚಲಿಸುವ ವಸ್ತುವಿನ ಅಂಚು ಒಡೆಯುತ್ತದೆ. ಒಳ್ಳೆಯ ಡಿಇಂಟರ್‌ಲೇಸರ್ ಬಳಸಿ. ಚಲನೆ ಹಿಂದೆ ಮುಂದೆ ನಡುಗಿದರೆ ಅರೆಫ್ರೇಮಿನ ಕ್ರಮ ತಲೆಕೆಳಗಾಗಿದೆ. ಡಿವಿಯಲ್ಲಿ ಕೆಳಗಿನದು ಮೊದಲು ಬರುತ್ತದೆ ಎಂಬುದನ್ನು ನೆನಪಿಡಿ.

ಜನ ದಪ್ಪಗೆ ಕಾಣುವುದು 4:3 ಚಿತ್ರವನ್ನು 16:9ಕ್ಕೆ ಎಳೆದಾಗ. 1080 ಎತ್ತರದ ಚೌಕಟ್ಟಿನಲ್ಲಿ 4:3 ಚಿತ್ರ 1440 ಪಿಕ್ಸೆಲ್ ಅಗಲವಿರಬೇಕು, ಎಡಬಲದಲ್ಲಿ ಕಪ್ಪು ಪಟ್ಟಿ ಬರಬೇಕು. ಕಪ್ಪು ಪಟ್ಟಿ ನೋಡಿ ‘ಪರದೆ ತುಂಬಿಸಿ’ ಎನ್ನುವವರು ಪ್ರತಿ ಸಭಾಂಗಣದಲ್ಲೂ ಒಬ್ಬರಿರುತ್ತಾರೆ. ತುಂಬಿಸಲು ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಕಾಲು ಭಾಗ ಹೋಗುತ್ತದೆ: ಮೊದಲು ಹೋಗುವುದು ಮಾತಾಡುವವರ ನೆತ್ತಿ ಮತ್ತು ಕೆಳಗೆ ಬರೆದಿರುವ ಅವರ ಹೆಸರು. ಒಪ್ಪಬೇಡಿ.

ಎಲ್ಲದಕ್ಕೂ ಡಿಸಿಪಿ ಮಾಡಿಸಲೇಬೇಕೆ?

ಡಿಸಿಪಿ ಎಂದರೆ ಚಿತ್ರಮಂದಿರದ ಡಿಜಿಟಲ್ ಪ್ರದರ್ಶನಕ್ಕೆಂದು ಸಿದ್ಧಪಡಿಸಿದ ಫೈಲುಗಳ ಕಟ್ಟು. ಚಿತ್ರಮಂದಿರದ ಸರ್ವರಿನಿಂದ ತೋರಿಸುವುದಾದರೆ ಹೌದು. ಸಭಾಂಗಣದ ಸಾಧಾರಣ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪಿನಿಂದ ಪ್ರೊರೆಸ್ ಎಂಬ ಮಾದರಿಯ ಒಳ್ಳೆಯ ವಿಡಿಯೋ ಫೈಲೇ ಸಾಕು. ಡಿಸಿಪಿ ಮಾಡಿಸುವಾಗ 25 ಫ್ರೇಮಿನ ಚಿತ್ರವನ್ನು 25ರಲ್ಲೇ ಇರಿಸಿ. ಡಿಸಿಪಿಯ ಹಳೆಯ ಇಂಟರಾಪ್ ಮಾದರಿಯಲ್ಲಿ ಅದಕ್ಕೆ ಜಾಗವಿಲ್ಲ, ಎಸ್‌ಎಂಪಿಟಿಇ ಮಾದರಿಯಲ್ಲಿ ಇದೆ. ಚಿತ್ರಮಂದಿರದ ಸರ್ವರ್ ಹಳೆಯದಾಗಿದ್ದರೆ ಮಾತ್ರ 24ಕ್ಕೆ ನಿಧಾನಿಸಿ. ಆಗ 60 ನಿಮಿಷದ ಚಿತ್ರ ಎರಡೂವರೆ ನಿಮಿಷ ಉದ್ದವಾಗುತ್ತದೆ, ಧ್ವನಿಯ ಶ್ರುತಿಯನ್ನು ಸರಿಪಡಿಸದಿದ್ದರೆ ಎಲ್ಲರ ಗಂಟಲೂ ಸ್ವಲ್ಪ ಭಾರವಾಗುತ್ತದೆ.

ಬೀಗ ಹಾಕಬೇಡಿ. ಎನ್‌ಕ್ರಿಪ್ಟ್ ಮಾಡಿದ ಡಿಸಿಪಿಗೆ ಆಯಾ ಸರ್ವರಿಗೆಂದೇ ಮಾಡಿದ, ಗಂಟೆ ಲೆಕ್ಕದಲ್ಲಿ ಮಾತ್ರ ತೆರೆಯುವ ಕೆಡಿಎಂ ಎಂಬ ಕೀಲಿ ಬೇಕು. ಸರ್ವರ್ ಬದಲಾಯಿತು, ಕಾಲವಲಯ ತಪ್ಪಾಯಿತು, ಪ್ರದರ್ಶನ ಒಂದು ಗಂಟೆ ತಡವಾಯಿತು ಎಂದರೆ ಪರದೆ ಕಪ್ಪಗೇ ಇರುತ್ತದೆ. 25 ವರ್ಷ ಹಳೆಯ ಸಾಕ್ಷ್ಯಚಿತ್ರವನ್ನು ಕದಿಯಲು ಯಾರೂ ಕಾದು ಕುಳಿತಿರುವುದಿಲ್ಲ.

ಹಾರ್ಡ್‌ಡಿಸ್ಕನ್ನು ಲಿನಕ್ಸಿನ ಎಕ್ಸ್‌ಟಿ2 ಅಥವಾ ಎಕ್ಸ್‌ಟಿ3 ವ್ಯವಸ್ಥೆಯಲ್ಲಿ ಸಿದ್ಧಪಡಿಸಿದ್ದರೆ ಸುರಕ್ಷಿತ. ಸರ್ವರಿಗೆ ತುಂಬಲು ಸಮಯ ಬೇಕು ಎಂಬುದನ್ನು ಮರೆಯಬೇಡಿ: ಯುಎಸ್‌ಬಿ 2ರಲ್ಲಿ 100 ಜಿಬಿಗೆ ಒಂದು ಗಂಟೆಯ ಹತ್ತಿರ. ಹತ್ತು ಗಂಟೆಯ ಪ್ರದರ್ಶನಕ್ಕೆ ಒಂಬತ್ತೂವರೆಗೆ ಡಿಸ್ಕ್ ತಂದರೆ ನಡೆಯುವುದಿಲ್ಲ.

ಒಂದು ಚಿತ್ರದಲ್ಲಿ ಮಾತು ಕೇಳಿಸುವುದಿಲ್ಲ, ಮುಂದಿನದರಲ್ಲಿ ಕಿವಿ ಬಿರಿಯುತ್ತದೆ. ಏನು ಮಾಡುವುದು?

ಮೂವತ್ತು ವರ್ಷದ ಅಂತರದಲ್ಲಿ ಮಾಡಿದ ಚಿತ್ರಗಳ ಧ್ವನಿ ಒಂದೇ ಮಟ್ಟದಲ್ಲಿ ಇರಲಾರದು. ಒಂದು ಟಿವಿಗೆ ಮಿಶ್ರಣ ಮಾಡಿದ್ದು, ಇನ್ನೊಂದು ಚಿತ್ರಮಂದಿರಕ್ಕೆ, ಮತ್ತೊಂದು ಸಂಕಲನದ ಕೋಣೆಯಲ್ಲಿ ಹೆಡ್‌ಫೋನಿನಲ್ಲಿ. ಹಿಂದಿನ ದಿನ ಪ್ರತಿ ಚಿತ್ರದಿಂದ ಮೂರು ಜಾಗ ಕೇಳಿ: ಅತಿ ಮೆಲುವಾದ ಮಾತು, ಅತಿ ಜೋರಾದ ಮೆರವಣಿಗೆಯೋ ಯಂತ್ರವೋ ಇರುವ ದೃಶ್ಯ, ನಿರೂಪಣೆ. ಸಿಕ್ಕ ಫೇಡರ್ (ಧ್ವನಿ ಏರಿಳಿಸುವ ಗುಂಡಿ) ಅಂಕಿಯನ್ನು ಚಿತ್ರದ ಹೆಸರಿನ ಮುಂದೆ ಬರೆದು ಪ್ರೊಜೆಕ್ಷನಿಸ್ಟರಿಗೆ ಕೊಡಿ. ಸಭೆ ತುಂಬಿದಾಗ ಬಟ್ಟೆ, ದೇಹಗಳು ಸದ್ದನ್ನು ಹೀರುತ್ತವೆ. ಖಾಲಿ ಸಭಾಂಗಣದಲ್ಲಿ ಇಟ್ಟದ್ದಕ್ಕಿಂತ ತುಸು ಏರಿಸಬೇಕಾಗುತ್ತದೆ.

ಮೋನೋ ಚಿತ್ರದ ಧ್ವನಿ ನಡುವಿನ ಸ್ಪೀಕರಿನಿಂದಲೇ ಬರಲಿ. ಎಡಬಲ ಎರಡರಿಂದ ಬಿಟ್ಟರೆ ಪಕ್ಕದಲ್ಲಿ ಕುಳಿತವರಿಗೆ ಮಾತು ಗೋಡೆಯಿಂದ ಬಂದಂತಿರುತ್ತದೆ. ಹಳೆಯ 16 ಮಿ.ಮೀ. ಆಪ್ಟಿಕಲ್ ಧ್ವನಿಗೆ ತಾರಸ್ಥಾಯಿ ಕಡಿಮೆ, ಹಿಸ್ ಸಹಜ. ಗದ್ದಲ ತೆಗೆಯುವ ಸಾಫ್ಟ್‌ವೇರನ್ನು ಹೆಚ್ಚು ಒತ್ತಿದರೆ ಜನ ನೀರಿನೊಳಗೆ ಮಾತಾಡಿದಂತೆ ಕೇಳುತ್ತದೆ. ಹಿಸ್ ಇರಲಿ ಬಿಡಿ.

ಕನ್ನಡ ಸಬ್‌ಟೈಟಲ್ ಲ್ಯಾಪ್‌ಟಾಪಿನಲ್ಲಿ ಸರಿಯಿತ್ತು, ಚಿತ್ರಮಂದಿರದಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾದವು. ಏಕೆ?

ಡಿಸಿಪಿಯಲ್ಲಿ ಸಬ್‌ಟೈಟಲನ್ನು ಪಠ್ಯವಾಗಿ ಇಟ್ಟು ಫಾಂಟ್ ಜೊತೆಗೆ ಕಳಿಸಿದರೆ ಅಕ್ಷರ ಮೂಡಿಸುವ ಕೆಲಸ ಸರ್ವರಿನದೋ ಪ್ರೊಜೆಕ್ಟರಿನದೋ ಆಗುತ್ತದೆ. ಅವುಗಳಿಗೆ ಕನ್ನಡದಂಥ ಲಿಪಿಗಳನ್ನು ಕೂಡಿಸುವ ವಿದ್ಯೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ‘ಕ್ಷ’ ಎಂಬುದು ಕ, ಅರ್ಧಚಿಹ್ನೆ, ಷ ಎಂದು ಮೂರು ತುಂಡಾಗಿ ಬೀಳುತ್ತದೆ. ಪರಿಹಾರ ಎರಡು: ಪ್ರತಿ ಸಬ್‌ಟೈಟಲನ್ನೂ ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ಕಳಿಸುವುದು, ಇಲ್ಲವೇ ಚಿತ್ರದ ಮೇಲೇ ‘ಸುಡುವುದು’, ಅಂದರೆ ಅಳಿಸಲಾಗದಂತೆ ಅಚ್ಚೊತ್ತುವುದು. ಬೇರೆ ಭಾಷೆಯ ಪ್ರದರ್ಶನಕ್ಕೂ ಅದೇ ಪ್ರತಿ ಬೇಕಿದ್ದರೆ ಮೊದಲನೆಯದೇ ಲೇಸು.

ಸಬ್‌ಟೈಟಲ್ ಸಾಫ್ಟ್‌ವೇರ್ ಕೊಡುವ ಅಕ್ಷರಗಳ ಎಣಿಕೆಯನ್ನೂ ನಂಬಬೇಡಿ. ‘ಸ್ತ್ರೀ’ ಎಂಬುದು ಓದುವವರಿಗೆ ಒಂದಕ್ಷರ, ಯಂತ್ರಕ್ಕೆ ಆರು. ಒಂದು ಸಾಲಿಗೆ 42 ಎಂಬ ರೋಮನ್ ಲಿಪಿಯ ಮಿತಿ ಇಲ್ಲಿ ಅರ್ಥವಿಲ್ಲದ್ದು. ಸಾಲು ಪರದೆಯ ಅಗಲದ ಮುಕ್ಕಾಲನ್ನು ಮೀರದಿರಲಿ, ಎರಡು ಸಾಲು ದಾಟದಿರಲಿ, ಒಂದು ಸೆಕೆಂಡಿಗಿಂತ ಕಡಿಮೆಯೂ ಏಳು ಸೆಕೆಂಡಿಗಿಂತ ಹೆಚ್ಚೂ ನಿಲ್ಲದಿರಲಿ. ಎರಡು ಸಾಲುಗಳ ನಡುವೆ ಅಂತರ ಹೆಚ್ಚು ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೊಡೆಯುತ್ತದೆ. ಬಿಳಿ ಅಕ್ಷರಕ್ಕೆ ತೆಳುವಾದ ಕಪ್ಪು ಅಂಚು ಇರಲಿ. ಸಾಕ್ಷ್ಯಚಿತ್ರದಲ್ಲಿ ಬಿಸಿಲು, ಬಿಳಿ ಗೋಡೆ, ಬಿಳಿ ಅಂಗಿ ತಪ್ಪಿದ್ದಲ್ಲ.

ಇನ್ನು ಅನುವಾದ. ಚಿತ್ರದಲ್ಲಿ ಮಾತಾಡಿದವರು ಆಡುಮಾತಿನಲ್ಲಿ ಮಾತಾಡಿದ್ದರೆ ಸಬ್‌ಟೈಟಲ್ ಪಠ್ಯಪುಸ್ತಕದ ಕನ್ನಡವಾಗಬಾರದು. ಹಾಗೆಂದು ಯಾವುದೋ ಒಂದು ಸೀಮೆಯ ಮಾತನ್ನು ದೂರದೇಶದ ಗಣಿಕಾರ್ಮಿಕರ ಬಾಯಿಗೆ ತುರುಕಿದರೆ ನಗು ಬರುತ್ತದೆ. ಚಿಕ್ಕ ವಾಕ್ಯ, ಬಳಕೆಯ ಪದ, ಅಷ್ಟು ಸಾಕು.

ಚಿತ್ರಗಳನ್ನು ಕಾಲಾನುಕ್ರಮದಲ್ಲಿ ತೋರಿಸಬೇಕೆ, ವಿಷಯವಾರು ಜೋಡಿಸಬೇಕೆ?

ಒಂದೇ ವಾರದೊಳಗೆ ಮುಗಿಯುವುದಾದರೆ ಕಾಲಾನುಕ್ರಮವೇ ಸರಿ ಎಂಬುದು ನಮ್ಮ ಪಕ್ಷಪಾತ. ಕ್ಯಾಮೆರಾ ಬದಲಾದಾಗ ಚಿತ್ರ ಬದಲಾಗುವುದು ಆಗ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಕ್ಯಾಮೆರಾಕ್ಕೆ ಫಿಲ್ಮು ತುಂಬುವ 400 ಅಡಿಯ ಮ್ಯಾಗಜೀನಿನಲ್ಲಿ 11 ನಿಮಿಷಕ್ಕೊಮ್ಮೆ ಫಿಲ್ಮು ಬದಲಿಸುತ್ತಿದ್ದವರು ಪ್ರಶ್ನೆಯನ್ನು ಮೊದಲೇ ಯೋಚಿಸಿ ಕೇಳುತ್ತಿದ್ದರು. ಗಂಟೆಯ ಮಿನಿ ಡಿವಿ ಕೈಗೆ ಬಂದ ಮೇಲೆ ಸುಮ್ಮನೆ ಕಾಯಲು ಕಲಿತರು. ವಿಷಯವಾರು ಜೋಡಿಸಿದರೆ ಈ ಎಳೆ ಹರಿದುಹೋಗುತ್ತದೆ.

ವಾರಕ್ಕೊಂದು ಚಿತ್ರದಂತೆ ತಿಂಗಳುಗಟ್ಟಲೆ ನಡೆಸುವುದಾದರೆ ಮಾತು ಬೇರೆ. ಮೊದಲ ವಾರವೇ ಕಲಿಕೆಯ ಕಾಲದ ಚಿತ್ರ ಹಾಕಿದರೆ ಎರಡನೇ ವಾರಕ್ಕೆ ಜನ ಬರುವುದಿಲ್ಲ. ಹೆಸರಾದ ಚಿತ್ರದಿಂದ ಶುರು ಮಾಡಿ, ಆಮೇಲೆ ಹಿಂದಕ್ಕೆ ಹೋಗಿ.

ದಿನಕ್ಕೆ ಎಷ್ಟು ಚಿತ್ರ ಹಾಕಬಹುದು?

ಸಂವಾದ ಬಿಟ್ಟು ನಾಲ್ಕರಿಂದ ನಾಲ್ಕೂವರೆ ಗಂಟೆ. ಪ್ರತಿ ಪ್ರದರ್ಶನಕ್ಕೂ ಅವಧಿಯ ಮೇಲೆ ಪರಿಚಯಕ್ಕೆ 5 ನಿಮಿಷ, ಸಂವಾದಕ್ಕೆ 30, ಸಭಾಂಗಣ ಖಾಲಿಯಾಗಿ ತುಂಬಲು 20 ಸೇರಿಸಿ. 74 ನಿಮಿಷದ ಚಿತ್ರವೆಂದರೆ ಎರಡು ಗಂಟೆ ಒಂಬತ್ತು ನಿಮಿಷದ ಜಾಗ. ಹಿಂಸೆಯ ಮೇಲಿನ ಎರಡು ಚಿತ್ರಗಳನ್ನು ಒಂದರ ಬೆನ್ನಿಗೆ ಒಂದು ಹಾಕಬೇಡಿ. ಎರಡನೆಯದನ್ನು ಯಾರೂ ನಿಜವಾಗಿ ನೋಡುವುದಿಲ್ಲ, ಕುಳಿತಿರುತ್ತಾರೆ ಅಷ್ಟೆ.

ನಿರ್ದೇಶಕರು ಹಳೆಯ ಚಿತ್ರವನ್ನು ಈಗ ತಿದ್ದಿ ತೋರಿಸುತ್ತೇನೆ ಎನ್ನುತ್ತಾರೆ. ಒಪ್ಪಬಹುದೆ?

ಧೂಳು ತೆಗೆಯುವುದು, ಬಣ್ಣ ಸರಿಪಡಿಸುವುದು, ಹೆಸರುಗಳ ಕಾಗುಣಿತ ತಿದ್ದುವುದು ತೊಂದರೆಯಿಲ್ಲ. ದೃಶ್ಯ ತೆಗೆಯುವುದು, ನಿರೂಪಣೆ ಬದಲಿಸುವುದು ಹೊಸ ಆವೃತ್ತಿ. ಅದನ್ನು ಹೊಸ ವರ್ಷದೊಂದಿಗೆ ಹೊಸದೆಂದೇ ನಮೂದಿಸಿ, ಹಳೆಯದೂ ಒಂದು ಸಲ ಪರದೆಗೆ ಬರಲಿ ಎಂದು ಹಟ ಹಿಡಿಯಿರಿ. ಇಪ್ಪತ್ತೈದನೇ ವಯಸ್ಸಿನ ಸಿಟ್ಟನ್ನು ಅರವತ್ತರಲ್ಲಿ ತಿದ್ದಿದ ಚಿತ್ರ ನೋಡಲು ಬಂದವರಿಗೆ ಆ ಸಿಟ್ಟೂ ಕಾಣಬೇಕಲ್ಲ. ಒಂದು ವಿನಾಯಿತಿ ಇದೆ, ಮುಂದಿನ ಪ್ರಶ್ನೆಯದು.

ಚಿತ್ರದಲ್ಲಿ ಕಾಣಿಸಿಕೊಂಡವರ ಒಪ್ಪಿಗೆ ಮತ್ತೆ ಬೇಕೆ?

ಕಾಗದದಲ್ಲಿ ಇರಬಹುದು, ಆದರೂ ಕೇಳುವುದು ಒಳ್ಳೆಯದು. ಚಿತ್ರೀಕರಣದ ಕಾಲದಲ್ಲಿ ಮಕ್ಕಳಾಗಿದ್ದವರು ಈಗ ದೊಡ್ಡವರಾಗಿದ್ದಾರೆ. ಅವರ ಪರವಾಗಿ ಸಹಿ ಹಾಕಿದ್ದು ಬೇರೆಯವರು. ಹಿಂಸೆಗೆ ಒಳಗಾದವರು, ರೋಗದ ಬಗ್ಗೆ ಮಾತಾಡಿದವರು, ಯಾರದೋ ವಿರುದ್ಧ ಹೆಸರು ಹೇಳಿ ಸಾಕ್ಷಿ ನುಡಿದವರು ಅಂದು ಒಪ್ಪಿದ್ದು ಐವತ್ತು ಜನರ ಸಭೆಗೆ. ಆಗ ಫೋನಿನಲ್ಲಿ ಹರಿದಾಡುವ ವಿಡಿಯೋ ಎಂಬುದೇ ಇರಲಿಲ್ಲ. ನಿರ್ದೇಶಕರ ಮೂಲಕ ಸಂಪರ್ಕಿಸಿ, ಎಲ್ಲಿ, ಯಾವಾಗ, ಎಷ್ಟು ಜನರ ಮುಂದೆ ಎಂದು ತಿಳಿಸಿ. ಬೇಡವೆಂದರೆ ಆ ಭಾಗವನ್ನು ಕಪ್ಪು ಪರದೆಯಾಗಿಸಿ ಧ್ವನಿಯನ್ನೂ ನಿಲ್ಲಿಸುವುದು ಒಂದು ದಾರಿ, ಚಿತ್ರ ಬಿಡುವುದು ಇನ್ನೊಂದು. ಮುಖ ಮಸುಕು ಮಾಡಿದರೆ ಸಾಕೆಂದುಕೊಳ್ಳಬೇಡಿ. ಊರಿನವರು ನಡಿಗೆಯಿಂದ, ದನಿಯಿಂದಲೇ ಗುರುತಿಸುತ್ತಾರೆ.

ಸಂವಾದ ಪ್ರತಿ ಸಲವೂ ‘ಈ ಚಿತ್ರಕ್ಕೆ ಸ್ಫೂರ್ತಿ ಏನು’ ಎಂಬಲ್ಲೇ ನಿಲ್ಲುತ್ತದೆ. ಬೇರೆ ದಾರಿ?

ಹತ್ತು ಚಿತ್ರಗಳ ನಂತರ ಹತ್ತು ಸಲ ಅದೇ ಸಂವಾದ ನಡೆಸಬೇಡಿ. ಮೂರೇ ಇರಲಿ, ಆದರೆ ಬೇರೆ ಬೇರೆ ಜನರೊಂದಿಗೆ: ಒಂದು ಸಲ ಸಂಕಲನಕಾರರು, ಒಂದು ಸಲ ಧ್ವನಿ ಹಿಡಿದವರು, ಒಂದು ಸಲ ನಿರ್ದೇಶಕರು. ಒಂದು ದೃಶ್ಯವನ್ನು ಮತ್ತೆ ಹಾಕಿ ನಿಲ್ಲಿಸಿ ಕೇಳಿ: ಇಲ್ಲಿ ಕ್ಯಾಮೆರಾ ಎಷ್ಟು ದೂರವಿತ್ತು, ಮೈಕ್ ಯಾರ ಕೈಲಿತ್ತು, ಈ ಶಾಟಿಗೆ ಮೊದಲು ಏನು ಕತ್ತರಿಸಿದಿರಿ? ಕೆಲಸದ ಪ್ರಶ್ನೆಗೆ ಕೆಲಸದ ಉತ್ತರ ಬರುತ್ತದೆ. ಸಭಿಕರ ಕೈಗೆ ಮೈಕ್ ಕೊಟ್ಟುಬಿಡಬೇಡಿ, ಸ್ವಯಂಸೇವಕರೇ ಹಿಡಿದಿರಲಿ. ಭಾಷಣ ತಾನಾಗಿ ಚಿಕ್ಕದಾಗುತ್ತದೆ.

ನಿರ್ದೇಶಕರು ತೀರಿಹೋಗಿದ್ದಾರೆ. ಯಾರನ್ನು ಕೇಳುವುದು?

ಹಕ್ಕಿಗೆ ವಾರಸುದಾರರು, ಚಿತ್ರದ ಬಗ್ಗೆ ತಂಡದವರು. ಇವೆರಡನ್ನು ಬೆರೆಸಬೇಡಿ. ಕುಟುಂಬದವರಿಗೆ ಡಬ್ಬಿಗಳು ಎಲ್ಲಿವೆ ಎಂದು ಗೊತ್ತಿರುತ್ತದೆ, ಯಾವುದು ಅಂತಿಮ ಆವೃತ್ತಿ ಎಂದು ಗೊತ್ತಿರುವುದಿಲ್ಲ. ಅದನ್ನು ಸಂಕಲನಕಾರರು ಹೇಳಬಲ್ಲರು. ಪತ್ರಗಳು, ಶಾಟ್ ಪಟ್ಟಿ, ಲ್ಯಾಬಿನ ರಸೀದಿಗಳನ್ನು ಎಸೆಯದಂತೆ ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ. ಲ್ಯಾಬಿನ ಹಳೆಯ ರಸೀದಿಯಲ್ಲಿ ನೆಗೆಟಿವ್ ಎಲ್ಲಿ ಠೇವಣಿಯಾಗಿದೆ ಎಂಬ ಸುಳಿವು ಸಿಗುವುದುಂಟು.

ಕಾರ್ಯಕ್ರಮ ಮುಗಿದ ಮೇಲೆ ಪ್ರತಿಗಳನ್ನು ಏನು ಮಾಡಬೇಕು?

ಪ್ರಿಂಟುಗಳನ್ನು ಬಂದ ಸ್ಥಿತಿಯಲ್ಲೇ, ಅಂದರೆ ಮೊದಲಿದ್ದದ್ದು ‘ತಲೆ ಹೊರಗೆ’ (ಚಿತ್ರದ ಆರಂಭ ಸುತ್ತಿನ ಹೊರತುದಿಯಲ್ಲಿ) ಆಗಿದ್ದರೆ ಹಾಗೆ, ‘ಬಾಲ ಹೊರಗೆ’ ಆಗಿದ್ದರೆ ಹಾಗೆ ಸುತ್ತಿ, ತಪಾಸಣೆಯ ಹಾಳೆಯ ಪ್ರತಿಯೊಂದಿಗೆ ಒಂದು ವಾರದೊಳಗೆ ವಾಪಸ್ ಕಳಿಸಿ. ಸರ್ವರಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಉಳಿದ ಫೈಲುಗಳನ್ನು ಅಳಿಸಿ, ಅಳಿಸಿದ್ದನ್ನು ಪತ್ರದಲ್ಲಿ ತಿಳಿಸಿ.

ಈ ನೆಪದಲ್ಲಿ ಹೊಸದಾಗಿ ಮಾಡಿಸಿದ ಸ್ಕ್ಯಾನುಗಳು ಮತ್ತು ಟೇಪಿನ ಫೈಲುಗಳು ನಿರ್ದೇಶಕರಿಗೆ ಸೇರಬೇಕು. ಎರಡು ಡಿಸ್ಕುಗಳಲ್ಲಿ, ಬೇರೆ ಬೇರೆ ತಯಾರಕರವುಗಳಲ್ಲಿ, ಪ್ರತಿ ಫೈಲಿನ ಎಂಡಿ5 ಮೊತ್ತದ (ಫೈಲು ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ಅಂಕಿ) ಪಟ್ಟಿಯೊಂದಿಗೆ ಕೊಡಿ. ಒಂದು ಡಿಸ್ಕ್ ಅವರ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರಲಿ. ಡಿಸ್ಕಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿ ಅಂಟಿಸಿ: ಚಿತ್ರದ ಹೆಸರು, ಆವೃತ್ತಿ, ಅಳೆದ ಅವಧಿ, ಫ್ರೇಮಿನ ವೇಗ, ದಿನಾಂಕ.